ಹುಷಾರಾಗಿದ್ದಾಗಲೂ ರಕ್ತ ಪರೀಕ್ಷೆ ಯಾಕೆ: ಮಂಡ್ಯದ ಕ್ಲಿನಿಕ್ಕಿನಿಂದ ನನ್ನ ಅನುಭವ

ಮಂಡ್ಯದಲ್ಲಿ ನನ್ನದೊಂದು ಸಾಮಾನ್ಯ ಕ್ಲಿನಿಕ್. ಜ್ವರ, ಶುಗರ್, ಬಿಪಿ, ಗ್ಯಾಸ್ಟ್ರಿಕ್ ಅಂತ ಬರುವವರೇ ಜಾಸ್ತಿ. ಅವರ ನಡುವೆ ಇನ್ನೊಂದು ಬಗೆಯ ರೋಗಿಗಳೂ ಇದ್ದಾರೆ. ತಿಂಗಳುಗಟ್ಟಲೆ ಬೇಧಿ, ಮಲದಲ್ಲಿ ರಕ್ತ, ಸೊರಗಿದ ಮೈ. ಮೂಲವ್ಯಾಧಿ ಅಂದುಕೊಂಡು ಅಲ್ಲಿ ಇಲ್ಲಿ ಸುತ್ತಿರುತ್ತಾರೆ. ಕೊನೆಗೆ ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಕೊಲೊನೋಸ್ಕೋಪಿ (ಕರುಳಿನೊಳಗೆ ಕ್ಯಾಮೆರಾ ಬಿಟ್ಟು ನೋಡುವ ಪರೀಕ್ಷೆ) ಆಗಿ ಅಲ್ಸರೇಟಿವ್ ಕೊಲೈಟಿಸ್ ಅಥವಾ ಕ್ರೋನ್ಸ್ ಕಾಯಿಲೆ ಅಂತ ಗೊತ್ತಾಗಿರುತ್ತದೆ. ಎರಡನ್ನೂ ಸೇರಿಸಿ ಐಬಿಡಿ ಅನ್ನುತ್ತಾರೆ. ಕರುಳಿನ ಉರಿಯೂತ, ವರ್ಷಗಟ್ಟಲೆ ಜೊತೆಗಿರುವಂಥದ್ದು.

ಚಿಕಿತ್ಸೆ ಶುರು ಮಾಡುವವರು ಅಲ್ಲಿನ ಗ್ಯಾಸ್ಟ್ರೋ ಡಾಕ್ಟರು. ಚೀಟಿಯ ಕೊನೆಯಲ್ಲಿ ಒಂದು ಸಾಲು ಇರುತ್ತದೆ: ಇಂತಿಷ್ಟು ದಿನಕ್ಕೆ ಸಿಬಿಸಿ, ಎಲ್‌ಎಫ್‌ಟಿ ಮಾಡಿಸಿ. ಅಂದರೆ ರಕ್ತಕಣಗಳ ಎಣಿಕೆ, ಲಿವರ್ ಪರೀಕ್ಷೆ. ಮಳವಳ್ಳಿ ಕಡೆಯ ಹಳ್ಳಿಯವರು ಪ್ರತಿ ಸಲ ಅದಕ್ಕಾಗಿ ಬೆಂಗಳೂರು ಬಸ್ ಹತ್ತುತ್ತಾರಾ? ಇಲ್ಲ. ಆ ಒಂದು ಸಾಲಿನ ಕೆಲಸ ನನ್ನಂಥವರ ಟೇಬಲ್ಲಿಗೆ ಬರುತ್ತದೆ. ಅದನ್ನು ನಾನು ಹೇಗೆ ಮಾಡುತ್ತಾ ಬಂದೆ ಅಂತ ಇಲ್ಲಿ ಬರೆಯುತ್ತಿದ್ದೇನೆ. ಬೇರೆ ಊರಿನ ಡಾಕ್ಟರುಗಳಿಗೆ, ಲ್ಯಾಬಿನವರಿಗೆ, ಅದಕ್ಕಿಂತ ಮುಖ್ಯವಾಗಿ ಈ ಮಾತ್ರೆ ತೆಗೆದುಕೊಳ್ಳುತ್ತಿರುವವರಿಗೆ ಮತ್ತು ಅವರ ಮನೆಯವರಿಗೆ ಉಪಯೋಗಕ್ಕೆ ಬರಲಿ ಅಂತ.

ಇದರಲ್ಲಿ ಹೆಚ್ಚು ಎಚ್ಚರ ಬೇಕಾದ ಮಾತ್ರೆ ಅಜಾಥಯೋಪ್ರಿನ್. ಸ್ಟೀರಾಯ್ಡ್ ಬಿಡಿಸಲು, ಕಾಯಿಲೆ ಮತ್ತೆ ಕೆರಳದಂತೆ ನೋಡಿಕೊಳ್ಳಲು ಇದನ್ನು ಕೊಡುತ್ತಾರೆ. ನಮ್ಮಲ್ಲಿ ಇದು ಚೆನ್ನಾಗಿ ಬಳಕೆಯಲ್ಲಿದೆ. ಬೆಲೆಯೂ ಕೈಗೆಟಕುವಂಥದ್ದು, ಇಂಜೆಕ್ಷನ್ ಔಷಧಿಗಳಿಗೆ ಹೋಲಿಸಿದರಂತೂ ಬಹಳ ಕಡಿಮೆ. ಕೆಲಸ ನಿಧಾನ. ಪೂರ್ತಿ ಗುಣ ಕಾಣಲು ಎರಡು ಮೂರು ತಿಂಗಳು ಬೇಕು. ಅಡ್ಡ ಪರಿಣಾಮ ಮಾತ್ರ ಅಷ್ಟು ದಿನ ಕಾಯುವುದಿಲ್ಲ, ಎರಡನೇ ವಾರದಲ್ಲೇ ಬರಬಹುದು. ಮಾತ್ರೆಯಿಂದ ಇನ್ನೂ ಏನೂ ಅನುಕೂಲ ಕಂಡಿಲ್ಲ, ಆಗಲೇ ರಕ್ತ ಕೊಡಿ ಅನ್ನುತ್ತೇವೆ. ರೋಗಿಗಳಿಗೆ ಇದು ವಿಚಿತ್ರ ಅನ್ನಿಸುವುದು ಸಹಜ ಅಲ್ವಾ?

ಈ ಮಾತ್ರೆ ರಕ್ಷಣಾ ಕಣಗಳು ಬೆಳೆಯುವುದನ್ನು ತಗ್ಗಿಸುತ್ತದೆ. ಕರುಳಿನಲ್ಲಿ ಸುಮ್ನೆ ಕಿತಾಪತಿ ಮಾಡುತ್ತಿರುವ ಕಣಗಳು ತಗ್ಗಬೇಕು ಅನ್ನುವುದು ನಮ್ಮ ಆಸೆ. ಆದರೆ ಬಿಳಿ ರಕ್ತಕಣಗಳೆಲ್ಲ ಹುಟ್ಟುವುದು ಮೂಳೆಯೊಳಗಿನ ಮಜ್ಜೆಯಲ್ಲಿ. ಔಷಧಿಯ ಅಂಶ ಜಾಸ್ತಿಯಾದರೆ ಮಜ್ಜೆಯೇ ಸೋಲುತ್ತದೆ. ಬಿಳಿ ಕಣಗಳ ಕೌಂಟ್ ಬಿದ್ದಾಗ ರೋಗಿಗೆ ನೋವಿಲ್ಲ, ಉರಿಯಿಲ್ಲ, ಸುಸ್ತೂ ಇಲ್ಲದೆ ಇರಬಹುದು. ಗೊತ್ತಾಗುವುದು ಎರಡೇ ದಾರಿಯಲ್ಲಿ. ಒಂದು, ರಕ್ತ ಪರೀಕ್ಷೆಯಲ್ಲಿ. ಇನ್ನೊಂದು, ಚಳಿಜ್ವರ ಬಂದು ಆಸ್ಪತ್ರೆ ಸೇರಿದಾಗ. ನಮಗೆ ಮೊದಲನೆಯ ದಾರಿ ಬೇಕು.

ಮಾತ್ರೆ ಶುರುವಾಗುವ ಮುಂಚಿನ ಪರೀಕ್ಷೆಗಳು ಎಲ್ಲಕ್ಕಿಂತ ಮುಖ್ಯ. ಸಿಬಿಸಿ, ಲಿವರ್, ಕಿಡ್ನಿಯ ಕ್ರಿಯಾಟಿನಿನ್, ಹೆಪಟೈಟಿಸ್ ಬಿ ಮತ್ತು ಸಿ, ಎಚ್‌ಐವಿ, ಎದೆಯ ಎಕ್ಸ್‌ರೇ. ಹೆಪಟೈಟಿಸ್ ಬಿ ಒಳಗೇ ಅಡಗಿದ್ದರೆ ರಕ್ಷಣೆ ತಗ್ಗಿದಾಗ ಅದು ಎದ್ದು ಕೂರುತ್ತದೆ. ಟಿಬಿಯೂ ಹಾಗೆಯೇ. ನಮ್ಮ ದೇಶದಲ್ಲಿ ಇನ್ನೊಂದು ತೊಡಕೂ ಇದೆ. ಕರುಳಿನ ಟಿಬಿ ಮತ್ತು ಕ್ರೋನ್ಸ್ ಕಾಯಿಲೆ ನೋಡಲು ಒಂದೇ ಥರ. ಎಷ್ಟೋ ಜನ ಮೊದಲು ಟಿಬಿ ಮಾತ್ರೆ ನುಂಗಿ ಆಮೇಲೆ ಕ್ರೋನ್ಸ್ ಚಿಕಿತ್ಸೆಗೆ ಬಂದಿರುತ್ತಾರೆ. ಟಿಬಿ ಮಾತ್ರೆಗಳಿಂದ ಲಿವರ್ ಏರುಪೇರಾಗಿದ್ದರೆ ಅದು ಇಳಿದ ಮೇಲಿನ ರಿಪೋರ್ಟೇ ಮುಂದಿನವನ್ನು ಹೋಲಿಸಲು ನಮ್ಮ ಮೊದಲ ಸಾಲಾಗಬೇಕು.

ಜೀನ್ ಪರೀಕ್ಷೆಯ ವಿಷಯಕ್ಕೆ ಬರುತ್ತೇನೆ. ಅಜಾಥಯೋಪ್ರಿನ್ ಅನ್ನು ಒಡೆದು ಹಾಕಲು ದೇಹದಲ್ಲಿ ಕೆಲವು ಕಿಣ್ವಗಳಿವೆ. ಪಶ್ಚಿಮದ ಪುಸ್ತಕಗಳಲ್ಲಿ ಟಿಪಿಎಂಟಿ ಕಿಣ್ವದ ಬಗ್ಗೆ ಬಹಳ ಬರೆದಿದ್ದಾರೆ. ಅಲ್ಲಿ ಸುಮಾರು 300 ಜನರಲ್ಲಿ ಒಬ್ಬರಿಗೆ ಅದು ಇರುವುದೇ ಇಲ್ಲ. ನಮ್ಮವರಲ್ಲಿ, ಒಟ್ಟಾರೆ ಏಷ್ಯಾದವರಲ್ಲಿ, ಅದಕ್ಕಿಂತ ಜಾಸ್ತಿ ತೊಂದರೆ ಕೊಡುವುದು ಎನ್‌ಯುಡಿಟಿ15 ಎಂಬ ಇನ್ನೊಂದು ಜೀನಿನ ವ್ಯತ್ಯಾಸ. ಇದು ಬೆಳಕಿಗೆ ಬಂದದ್ದು 2014ರಲ್ಲಿ, ಕೊರಿಯಾದ ರೋಗಿಗಳ ಅಧ್ಯಯನದಿಂದ. ತಂದೆ ತಾಯಿ ಇಬ್ಬರಿಂದಲೂ ಬದಲಾದ ಪ್ರತಿ ಬಂದಿದ್ದರೆ ಸಣ್ಣ ಡೋಸಿಗೇ ಕೌಂಟ್ ಕುಸಿಯುತ್ತದೆ. ಜೊತೆಗೆ ಕೂದಲು ಗೊಂಚಲು ಗೊಂಚಲಾಗಿ ಉದುರುತ್ತದೆ.

ಪಾಂಡವಪುರ ಕಡೆಯ ಒಬ್ಬ ಹುಡುಗನಿಂದ ಈ ಕೂದಲಿನ ಮಾತು ನನ್ನ ಮನಸ್ಸಿನಲ್ಲಿ ಗಟ್ಟಿಯಾಗಿ ಕೂತಿತು. ಅಪ್ಪನ ಜೊತೆ ಕಬ್ಬಿನ ಗದ್ದೆ ನೋಡಿಕೊಳ್ಳುತ್ತಿದ್ದ, ಟ್ರ್ಯಾಕ್ಟರ್ ಓಡಿಸುತ್ತಿದ್ದ. ಅಲ್ಸರೇಟಿವ್ ಕೊಲೈಟಿಸ್. ಸ್ಟೀರಾಯ್ಡ್ ನಡೆಯುತ್ತಿತ್ತು, ಅದನ್ನು ಇಳಿಸುತ್ತಾ 50 ಮಿಲಿಗ್ರಾಂ ಅಜಾಥಯೋಪ್ರಿನ್ ಶುರು ಮಾಡಿದ್ದರು. ಮೊದಲ ರಿಪೋರ್ಟಿನಲ್ಲಿ ಒಟ್ಟು ಕೌಂಟ್ 9,800. ಎರಡನೇ ವಾರದ ರಿಪೋರ್ಟಿನಲ್ಲಿ 5,200. ಲ್ಯಾಬಿನ ಹಾಳೆಯಲ್ಲಿ ಅದರ ಪಕ್ಕ ಯಾವ ಗುರುತೂ ಇರಲಿಲ್ಲ, ಯಾಕೆಂದರೆ 4,000ದಿಂದ 11,000ದವರೆಗೆ ನಾರ್ಮಲ್. ಹುಡುಗ ಖುಷಿಯಲ್ಲಿದ್ದ. ಬೇಧಿ ನಿಂತಿದೆ, ಮುದ್ದೆ ಊಟ ಸೇರುತ್ತಿದೆ.

ನಾನು ಎರಡೂ ಅಂಕಿಗಳನ್ನು ಒಂದರ ಕೆಳಗೆ ಒಂದು ಬರೆದು ನೋಡಿದೆ. ಎರಡೇ ವಾರದಲ್ಲಿ ಹತ್ತಿರ ಹತ್ತಿರ ಅರ್ಧಕ್ಕೆ ಇಳಿದಿದೆ. ಸ್ಟೀರಾಯ್ಡ್ ಬಿಳಿ ಕಣಗಳ ಕೌಂಟನ್ನು ಮೇಲಕ್ಕೆತ್ತುತ್ತದೆ, ಅದನ್ನು ಇಳಿಸಿದಾಗ ಸ್ವಲ್ಪ ತಗ್ಗುವುದು ಸರಿಯೇ. ಆದರೆ ಇಷ್ಟೊಂದು? ಕೂದಲು ಹೇಗಿದೆಯಪ್ಪಾ ಅಂದೆ. ಜೊತೆಗೆ ಬಂದಿದ್ದ ಅವನ ತಾಯಿ ತಡಮಾಡದೆ ಹೇಳಿದರು: "ಅಯ್ಯೋ ಡಾಕ್ಟ್ರೇ, ದಿಂಬಿನ ಮ್ಯಾಲೆಲ್ಲ ಕೂದ್ಲು. ಬೋರ್ ನೀರಿಗೆ ಹಿಂಗಾಯ್ತದೆ ಅಂತ ನಾವ್ ಸುಮ್ನಿದ್ದೋ."

ಮಾತ್ರೆ ನಿಲ್ಲಿಸಿ ಅಂದೆ. ಗ್ಯಾಸ್ಟ್ರೋ ಡಾಕ್ಟರಿಗೆ ಫೋನ್ ಮಾಡಿದೆ, ಅವರೂ ಹೌದು ಅಂದರು. ಕೆಲವು ದಿನಕ್ಕೆ ಮತ್ತೆ ಮಾಡಿಸಿದಾಗ ಒಟ್ಟು ಕೌಂಟ್ 2,100. ಅದರಲ್ಲಿ ಸೋಂಕಿನ ವಿರುದ್ಧ ಹೋರಾಡುವ ನ್ಯೂಟ್ರೋಫಿಲ್ ಕಣಗಳು 30 ಪರ್ಸೆಂಟ್. ಅಂದರೆ 630. ಮಾತ್ರೆ ನಿಲ್ಲಿಸಿದ ಮೇಲೂ ಕೌಂಟ್ ಕೆಲ ದಿನ ಇಳಿಯುತ್ತಲೇ ಇರುತ್ತದೆ, ಇದನ್ನು ಎಲ್ಲರೂ ನೆನಪಿಡಬೇಕು. ಹುಡುಗನನ್ನು ಮೈಸೂರಿನಲ್ಲಿ ಅಡ್ಮಿಟ್ ಮಾಡಿ ನೋಡಿಕೊಂಡರು. ಬಾಯಲ್ಲಿ ಹುಣ್ಣಾಯಿತು, ಪುಣ್ಯಕ್ಕೆ ದೊಡ್ಡ ಸೋಂಕು ಬರಲಿಲ್ಲ. ಕೌಂಟ್ ಮೇಲೆ ಬರಲು ವಾರಗಳೇ ಹಿಡಿದವು. ಎನ್‌ಯುಡಿಟಿ15 ಪರೀಕ್ಷೆಗೆ ರಕ್ತ ಕಳಿಸಿದಾಗ ಎರಡೂ ಪ್ರತಿ ಬದಲಾಗಿರುವುದು ಗೊತ್ತಾಯಿತು. ಈಗ ಅವನು ಬೇರೆ ಔಷಧಿಯಲ್ಲಿದ್ದಾನೆ. ಇನ್ನು ಯಾವತ್ತೂ ಅಜಾಥಯೋಪ್ರಿನ್ ಆಗಲಿ, ಅದರ ಅಣ್ಣತಮ್ಮನಂಥ 6-ಮರ್ಕ್ಯಾಪ್ಟೊಪ್ಯೂರಿನ್ ಆಗಲಿ ಅವನಿಗೆ ಕೊಡುವಂತಿಲ್ಲ ಅಂತ ಫೈಲಿನ ಮೇಲೆ ಕೆಂಪು ಶಾಯಿಯಲ್ಲಿ ಬರೆದಿದ್ದೇವೆ.

ಈ ಜೀನ್ ಪರೀಕ್ಷೆಯನ್ನು ಜೀವನದಲ್ಲಿ ಒಂದು ಸಲ ಮಾಡಿಸಿದರೆ ಸಾಕು. ಸಿಬಿಸಿಗಿಂತ ಬಹಳ ದುಬಾರಿ, ಫಲಿತಾಂಶಕ್ಕೆ ಕಾಯಬೇಕು. ಕೈಲಾದವರಿಗೆ ಮಾತ್ರೆ ಶುರುವಾಗುವ ಮೊದಲೇ ಮಾಡಿಸಿ ಅನ್ನುತ್ತೇನೆ. ಜೀನ್ ನಾರ್ಮಲ್ ಬಂತು, ಇನ್ನು ಸಿಬಿಸಿ ಬೇಡ ಅಂತ ಕೆಲವರು ಅಂದುಕೊಳ್ಳುತ್ತಾರೆ. ಅದು ಸರಿಯಲ್ಲ. ಜೀನ್ ಸರಿ ಇದ್ದವರಲ್ಲೂ ಕೌಂಟ್ ಬೀಳುತ್ತದೆ, ವರ್ಷಗಳಾದ ಮೇಲೂ ಬೀಳಬಹುದು.

ನಾನು ಇಟ್ಟುಕೊಂಡಿರುವ ಕ್ರಮ ಹೀಗಿದೆ. ಮೊದಲ ತಿಂಗಳು ವಾರಕ್ಕೊಮ್ಮೆ ಸಿಬಿಸಿ. ಮುಂದಿನ ಎರಡು ತಿಂಗಳು ಹದಿನೈದು ದಿನಕ್ಕೊಮ್ಮೆ. ಆಮೇಲೆ ಮಾತ್ರೆ ನಡೆಯುವಷ್ಟು ಕಾಲ ಮೂರು ತಿಂಗಳಿಗೊಮ್ಮೆ. ಲಿವರ್ ಪರೀಕ್ಷೆ ಎರಡನೇ, ನಾಲ್ಕನೇ, ಎಂಟನೇ, ಹನ್ನೆರಡನೇ ವಾರದಲ್ಲಿ, ಆಮೇಲೆ ಸಿಬಿಸಿ ಜೊತೆಗೇ. ಡೋಸ್ ಹೆಚ್ಚಿಸಿದರೆ ಎಣಿಕೆ ಮತ್ತೆ ಮೊದಲಿನಿಂದ ಶುರು. ಕೆಲವು ಡಾಕ್ಟರುಗಳು ಮೊದಲ ತಿಂಗಳಲ್ಲಿ ಎರಡೇ ಸಲ ಮಾಡಿಸುತ್ತಾರೆ, ಅದೂ ಒಪ್ಪಿತ ಕ್ರಮವೇ. ಪಾಂಡವಪುರದ ಹುಡುಗನನ್ನು ನೋಡಿದ ಮೇಲೆ ನನಗೆ ವಾರಕ್ಕೊಮ್ಮೆಯೇ ಸಮಾಧಾನ.

ಮೂರು ತಿಂಗಳಿಗೊಮ್ಮೆ ಅನ್ನುವುದು ಹೇಳಲು ಸುಲಭ, ನೆನಪಿಡಲು ಕಷ್ಟ. ನಮ್ಮ ಕ್ಲಿನಿಕ್ಕಿನ ಸಿಸ್ಟರ್ ಇದಕ್ಕೆ ಒಳ್ಳೆಯ ಉಪಾಯ ಮಾಡಿದರು. ತಾರೀಖು ಬರೆದುಕೊಟ್ಟರೆ ಚೀಟಿ ಕಳೆದುಹೋಗುತ್ತದೆ. ಅದರ ಬದಲು ಸಂಕ್ರಾಂತಿ, ಯುಗಾದಿ, ಆಷಾಢ, ದಸರಾ ಅಂತ ಹೇಳಿದರು. ಹೆಚ್ಚು ಕಡಿಮೆ ಮೂರು ಮೂರು ತಿಂಗಳ ಅಂತರವೇ ಬರುತ್ತದೆ. "ಸಂಕ್ರಾಂತಿ ರಕ್ತ ಕೊಟ್ಟಿಲ್ಲ ಕಣಕ್ಕ, ಬತ್ತೀನಿ" ಅಂತ ಅವರೇ ಫೋನ್ ಮಾಡುವುದುಂಟು. ಬಾರದವರಿಗೆ ಸಿಸ್ಟರ್ ಫೋನ್ ಮಾಡುತ್ತಾರೆ. ಕೌಂಟರಿನ ಮೇಲೆ ಅದಕ್ಕೇ ಒಂದು ಉದ್ದನೆಯ ರಿಜಿಸ್ಟರ್ ಇದೆ.

ರಿಜಿಸ್ಟರ್ ನಮ್ಮದು. ರೋಗಿಯ ಕೈಗೆ ಒಂದು ಹಾಳೆ ಕೊಡುತ್ತೇನೆ. ಗಟ್ಟಿ ರಟ್ಟಿನಂಥ ಕಾಗದ, ಪ್ಲಾಸ್ಟಿಕ್ ಕವರಿನಲ್ಲಿ. ಉದ್ದಕ್ಕೆ ತಾರೀಖು, ಅಡ್ಡಕ್ಕೆ ಏಳು ಕಾಲಂ: ಹಿಮೋಗ್ಲೋಬಿನ್, ಒಟ್ಟು ಕೌಂಟ್, ನ್ಯೂಟ್ರೋಫಿಲ್, ಪ್ಲೇಟ್‌ಲೆಟ್, ಎಂಸಿವಿ, ಲಿವರಿನ ಎಸ್‌ಜಿಪಿಟಿ, ಸಿಆರ್‌ಪಿ. ಪಕ್ಕದಲ್ಲಿ ಆ ದಿನದ ಮಾತ್ರೆಯ ಡೋಸ್. ಇಷ್ಟೇ. ಲ್ಯಾಬಿನ ರಿಪೋರ್ಟಿನಲ್ಲಿ ನಲವತ್ತು ಸಾಲು ಇರಬಹುದು, ಎಲ್ಲವನ್ನೂ ಬರೆದರೆ ಯಾರೂ ನೋಡುವುದಿಲ್ಲ. ಒಂದೇ ರಿಪೋರ್ಟ್ ನೋಡಿದರೆ ಆ ದಿನದ ಸ್ಥಿತಿ ಗೊತ್ತಾಗುತ್ತದೆ, ಸಾಲಾಗಿ ನೋಡಿದರೆ ಎತ್ತ ಹೋಗುತ್ತಿದೆ ಅನ್ನುವುದು ಗೊತ್ತಾಗುತ್ತದೆ. ನಾನು ಬರೆಯುವುದಕ್ಕಿಂತ ರೋಗಿಯೋ ಅವರ ಮಕ್ಕಳೋ ಬರೆದರೆ ಇನ್ನೂ ಚೆನ್ನ. ಪಿಯುಸಿ ಓದುವ ಮಗಳು ಅಪ್ಪನ ಹಾಳೆ ತುಂಬಿಸಿಕೊಂಡು ಬಂದು "ಅಂಕಲ್, ಈ ಸಲ ನ್ಯೂಟ್ರೋಫಿಲ್ ಕಮ್ಮಿ ಆಗಿದೆ" ಅಂದಾಗ ನನಗೆ ಆಗುವ ಸಂತೋಷ ಅಷ್ಟಿಷ್ಟಲ್ಲ.

ನ್ಯೂಟ್ರೋಫಿಲ್ ಲೆಕ್ಕ ಹೇಗೆ ಅಂತ ಎಲ್ಲರಿಗೂ ಕಲಿಸುತ್ತೇನೆ. ಒಟ್ಟು ಕೌಂಟನ್ನು ನ್ಯೂಟ್ರೋಫಿಲ್ ಪರ್ಸೆಂಟಿನಿಂದ ಗುಣಿಸಿ ನೂರರಿಂದ ಭಾಗಿಸಿದರೆ ಆಯಿತು. 4,000 ಕೌಂಟ್, 60 ಪರ್ಸೆಂಟ್ ಅಂದರೆ 2,400. ಪರವಾಗಿಲ್ಲ. ಅದೇ 4,000, ಆದರೆ 30 ಪರ್ಸೆಂಟ್ ಅಂದರೆ 1,200. ಇದಕ್ಕೆ ಎಚ್ಚರ ಬೇಕು! ಒಟ್ಟು ಕೌಂಟ್ ಮಾತ್ರ ನೋಡಿದರೆ ಎರಡೂ ಒಂದೇ. ಒಟ್ಟು ಕೌಂಟ್ 4,000ಕ್ಕಿಂತ ಇಳಿದರೆ ನಾನು ವಾರದೊಳಗೆ ಮತ್ತೆ ಮಾಡಿಸುತ್ತೇನೆ. 3,000ಕ್ಕಿಂತ ಇಳಿದರೆ, ಅಥವಾ ನ್ಯೂಟ್ರೋಫಿಲ್ 1,500ಕ್ಕಿಂತ ಇಳಿದರೆ, ಮಾತ್ರೆ ನಿಲ್ಲಿಸಿ ಗ್ಯಾಸ್ಟ್ರೋ ಡಾಕ್ಟರ ಜೊತೆ ಮಾತಾಡುತ್ತೇನೆ. ನ್ಯೂಟ್ರೋಫಿಲ್ 1,000ಕ್ಕಿಂತ ಕೆಳಗಾದರೆ ಅದು ತುರ್ತು. ಪ್ಲೇಟ್‌ಲೆಟ್ ಒಂದು ಲಕ್ಷಕ್ಕಿಂತ ಇಳಿದರೂ ನಿಲ್ಲಿಸಿ ಮಾತಾಡುವುದೇ. ಲಿಂಫೋಸೈಟ್ ಅನ್ನುವ ಇನ್ನೊಂದು ಬಗೆಯ ಬಿಳಿ ಕಣ ಸ್ವಲ್ಪ ಕಡಿಮೆ ಇರುವುದು ಈ ಮಾತ್ರೆಯಲ್ಲಿ ಮಾಮೂಲು, ಅದನ್ನು ಕಂಡು ಗಾಬರಿಯಾಗಬೇಕಿಲ್ಲ.

ಎಂಸಿವಿ ಅನ್ನುವುದು ಕೆಂಪು ರಕ್ತಕಣದ ಗಾತ್ರ. ಬಹಳ ಡಾಕ್ಟರುಗಳು ಈ ಸಾಲನ್ನು ದಾಟಿ ಹೋಗುತ್ತಾರೆ. ನನಗೆ ಇದು ತುಂಬಾ ಇಷ್ಟದ ಅಂಕಿ. ಅಜಾಥಯೋಪ್ರಿನ್ ಸರಿಯಾಗಿ ತೆಗೆದುಕೊಂಡವರಲ್ಲಿ ಕೆಲವು ತಿಂಗಳಲ್ಲಿ ಕಣದ ಗಾತ್ರ ಮೆಲ್ಲಗೆ ದೊಡ್ಡದಾಗುತ್ತದೆ. 84 ಇದ್ದದ್ದು 92, 96 ಆಗುತ್ತದೆ. ಮೈಸೂರಿನಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದ ಒಬ್ಬ ಹುಡುಗಿಯ ಹಾಳೆಯಲ್ಲಿ 97 ಇದ್ದದ್ದು ಎರಡು ರಿಪೋರ್ಟಿನಲ್ಲಿ 88ಕ್ಕೆ ಇಳಿದಿತ್ತು. ಉಳಿದದ್ದೆಲ್ಲ ಚೆನ್ನಾಗಿತ್ತು. ಅಮ್ಮನನ್ನು ಹೊರಗೆ ಕೂರಿಸಿ ಕೇಳಿದೆ: ಮಾತ್ರೆ ನಡೀತಾ ಇದೆಯಾ ಮಗಳೇ? ತಲೆ ತಗ್ಗಿಸಿದಳು. ರೂಮಿನವರು ಇಷ್ಟೊಂದು ಮಾತ್ರೆ ಯಾಕೆ ಅಂತ ಕೇಳುತ್ತಾರೆ, ಅದಕ್ಕೇ ಬಿಟ್ಟೆ ಅಂದಳು. ಬೈಯಲಿಲ್ಲ. ರಾತ್ರಿ ಊಟದ ಬದಲು ಬೆಳಗ್ಗೆ ತಿಂಡಿ ಆದಮೇಲೆ ಒಬ್ಬಳೇ ಇರುವಾಗ ತೆಗೆದುಕೋ ಅಂತ ಸಮಯ ಬದಲಾಯಿಸಿದೆವು. ಗ್ಯಾಸ್ಟ್ರೋ ಡಾಕ್ಟರನ್ನು ಕೇಳಿ ಮತ್ತೆ ಶುರು ಮಾಡಿದೆವು, ವಾರದ ಸಿಬಿಸಿಯೂ ಮತ್ತೆ ಶುರು. ಎಂಸಿವಿಗೆ ಬೇರೆ ಕಾರಣಗಳೂ ಇವೆ. ಬಿ12 ಕಡಿಮೆಯಾದರೂ ಏರುತ್ತದೆ, ಸಣ್ಣ ಕರುಳಿನ ತುದಿಯಲ್ಲಿ ಕ್ರೋನ್ಸ್ ಇದ್ದವರಲ್ಲಿ ಬಿ12 ಕೊರತೆ ಸಾಮಾನ್ಯ. ಕಬ್ಬಿಣದಂಶ ಕಡಿಮೆಯಾದರೆ ಇಳಿಯುತ್ತದೆ. ಹಾಗಾಗಿ ಅದೊಂದನ್ನೇ ನೋಡಿ ಯಾರನ್ನೂ ಸುಳ್ಳುಗಾರರು ಅನ್ನಬಾರದು, ಕೇಳಲು ಅದೊಂದು ನೆಪ ಅಷ್ಟೇ.

ಮಾತ್ರೆ ತೆಗೆದುಕೊಂಡರೂ ಕಾಯಿಲೆ ತಗ್ಗದಿದ್ದರೆ ಔಷಧಿಯ ಅಂಶವನ್ನೇ ಅಳೆಯುವ ಪರೀಕ್ಷೆ ಇದೆ, 6-ಟಿಜಿಎನ್ ಮತ್ತು 6-ಎಂಎಂಪಿ. ಮೊದಲನೆಯದು ಕೆಲಸ ಮಾಡುವ ಅಂಶ, 235ರಿಂದ 450ರ ನಡುವೆ ಇದ್ದರೆ ಒಳ್ಳೆಯದು. ಎರಡನೆಯದು 5,700 ದಾಟಿದರೆ ಲಿವರಿಗೆ ತೊಂದರೆಯಾಗುವ ಸಾಧ್ಯತೆ ಜಾಸ್ತಿ. ಎರಡೂ ತೀರಾ ಕಡಿಮೆ ಇದ್ದರೆ ಮಾತ್ರೆ ಹೊಟ್ಟೆಗೆ ಹೋಗುತ್ತಿಲ್ಲ ಅಂತ ಅರ್ಥ, ಇಲ್ಲವೇ ಡೋಸ್ ಸಾಲದು. ಎಲ್ಲ ಲ್ಯಾಬಿನಲ್ಲೂ ಇದು ಆಗುವುದಿಲ್ಲ. ಇದನ್ನು ಮಾಡಿಸುವ ತೀರ್ಮಾನ ಗ್ಯಾಸ್ಟ್ರೋ ಡಾಕ್ಟರದ್ದು.

ಹೊಸ ಮಾತ್ರೆ ಏನಾದರೂ ಶುರುವಾಯಿತಾ ಅನ್ನುವ ಪ್ರಶ್ನೆಯನ್ನು ನಾನು ಪ್ರತಿ ಸಲ ಕೇಳುತ್ತೇನೆ. ಮಳವಳ್ಳಿ ಹತ್ತಿರ ಆಲೆಮನೆ ನಡೆಸುವ ಒಬ್ಬರು ವರ್ಷಗಟ್ಟಲೆ ಅಜಾಥಯೋಪ್ರಿನ್‌ನಲ್ಲಿ ಆರಾಮಾಗಿದ್ದರು. ಒಂದು ಆಷಾಢದ ರಿಪೋರ್ಟಿನಲ್ಲಿ ಒಟ್ಟು ಕೌಂಟ್ 2,600, ಪ್ಲೇಟ್‌ಲೆಟ್ಟೂ ಇಳಿದಿದೆ. ಹೊಸ ಮಾತ್ರೆ ಏನೂ ಇಲ್ಲ ಅಂದರು. ಮನೆಯವರು ಮಾತಾಡದೆ ಪ್ಲಾಸ್ಟಿಕ್ ಕವರನ್ನು ಟೇಬಲ್ ಮೇಲೆ ಸುರಿದರು. ಅದರಲ್ಲಿ ಅಲೋಪ್ಯೂರಿನಾಲ್ ಸ್ಟ್ರಿಪ್ ಇತ್ತು. ಕಾಲಿನ ಹೆಬ್ಬೆರಳು ಊದಿ, ಯೂರಿಕ್ ಆಸಿಡ್ ಜಾಸ್ತಿ ಅಂತ ಬೇರೆ ಕಡೆ ಕೊಟ್ಟಿದ್ದರು. "ಅದು ಕಾಲ್ನೋವಿಂದಲ್ವಾ ಡಾಕ್ಟ್ರೇ? ಹೊಟ್ಟೆದು ಅಲ್ವಲ್ಲ" ಅಂದರು ಅವರು. ಅವರ ಮಾತಿನಲ್ಲಿ ತಪ್ಪೇನಿಲ್ಲ, ಯಾರಿಗಾದರೂ ಹಾಗೆಯೇ ಅನ್ನಿಸುತ್ತದೆ.

ದೇಹ ಅಜಾಥಯೋಪ್ರಿನ್ ಅಂಶವನ್ನು ಹೊರಹಾಕುವ ದಾರಿಗಳಲ್ಲಿ ಒಂದನ್ನು ಅಲೋಪ್ಯೂರಿನಾಲ್ ಮುಚ್ಚಿಬಿಡುತ್ತದೆ. ನಾಲೆಯ ತೂಬು ಮುಚ್ಚಿದರೆ ನೀರು ಏರಿ ಏರಿ ಏರಿ ಒಡೆಯುವ ಹಾಗೆ ಔಷಧಿಯ ಅಂಶ ಏರುತ್ತಾ ಹೋಗಿ ಮಜ್ಜೆಗೆ ಪೆಟ್ಟು ಕೊಡುತ್ತದೆ. ಯೂರಿಕ್ ಆಸಿಡ್‌ಗೇ ಕೊಡುವ ಫೆಬುಕ್ಸೊಸ್ಟ್ಯಾಟ್ ಕೂಡ ಹಾಗೆಯೇ. ಇದರ ಹಿಂದೆ ಒಂದು ಕುತೂಹಲದ ಸಂಗತಿ ಇದೆ. ಮರ್ಕ್ಯಾಪ್ಟೊಪ್ಯೂರಿನ್, ಅಜಾಥಯೋಪ್ರಿನ್, ಅಲೋಪ್ಯೂರಿನಾಲ್ ಮೂರೂ ಅಮೆರಿಕದ ಗರ್ಟ್ರೂಡ್ ಎಲಿಯನ್ ಮತ್ತು ಜಾರ್ಜ್ ಹಿಚಿಂಗ್ಸ್ ಅವರ ಒಂದೇ ಲ್ಯಾಬಿನ ಕೆಲಸದಿಂದ ಬಂದವು. 1988ರಲ್ಲಿ ಅವರಿಗೆ ನೊಬೆಲ್ ಬಂತು. ಅಲೋಪ್ಯೂರಿನಾಲನ್ನು ಅವರು ಮೊದಲು ನೋಡಿದ್ದೇ ಮರ್ಕ್ಯಾಪ್ಟೊಪ್ಯೂರಿನ್ ದೇಹದಲ್ಲಿ ಬೇಗ ಒಡೆಯದಂತೆ ತಡೆಯಲು. ಈಗಲೂ ಕೆಲವು ತಜ್ಞರು ಬೇಕೆಂದೇ ಎರಡನ್ನೂ ಒಟ್ಟಿಗೆ ಕೊಡುತ್ತಾರೆ, ಆಗ ಅಜಾಥಯೋಪ್ರಿನ್ ಡೋಸನ್ನು ಕಾಲು ಭಾಗಕ್ಕೋ ಮೂರನೇ ಒಂದು ಭಾಗಕ್ಕೋ ಇಳಿಸುತ್ತಾರೆ. ಗೊತ್ತಿಲ್ಲದೆ ಪೂರ್ತಿ ಡೋಸಿನ ಜೊತೆ ಸೇರಿದರೆ ಮಾತ್ರ ಅಪಾಯ.

ಆಲೆಮನೆಯವರು ಚೇತರಿಸಿಕೊಂಡರು. ಆ ಮೇಲೆ ಎಲ್ಲರ ಹಾಳೆಯ ಹಿಂದೆ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿದೆ: ಯೂರಿಕ್ ಆಸಿಡ್ ಮಾತ್ರೆ ಕೊಡುವ ಮುನ್ನ ಈ ನಂಬರಿಗೆ ಫೋನ್ ಮಾಡಿ. ಅದರ ಕೆಳಗೆ ಕೋಟ್ರೈಮಾಕ್ಸಜೋಲ್ ಹೆಸರೂ ಇದೆ, ಅದೂ ಕೌಂಟ್ ಇಳಿಸಬಲ್ಲ ಆಂಟಿಬಯಾಟಿಕ್. ಮೆಡಿಕಲ್ ಶಾಪಿನವರು ಆ ಹಾಳೆ ಓದಿ ಫೋನ್ ಮಾಡಿದ್ದೂ ಇದೆ. ಅಂಥವರಿಗೆ ನಾನು ಋಣಿ. ಲಿವರ್ ಏರಿದಾಗ ನಾಟಿ ಔಷಧಿ, ಬಾಡಿ ಬಿಲ್ಡಿಂಗ್ ಪುಡಿ, ಹೆಂಡ ಎಲ್ಲವನ್ನೂ ಕೇಳಬೇಕು. ಕೇಳುವಾಗ ದನಿಯಲ್ಲಿ ಆಕ್ಷೇಪ ಇದ್ದರೆ ನಿಜ ಹೊರಗೆ ಬರುವುದಿಲ್ಲ.

ಲಿವರಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಎಸ್‌ಜಿಪಿಟಿ 40 ಇರಬೇಕಾದ್ದು 60, 70 ಆಗಿದ್ದರೆ ಎರಡು ವಾರದಲ್ಲಿ ಮತ್ತೆ ನೋಡುತ್ತೇನೆ, ಎಷ್ಟೋ ಸಲ ತಾನೇ ಇಳಿಯುತ್ತದೆ. ಮೂರು ಪಟ್ಟು ದಾಟಿದರೆ ಅಥವಾ ಬಿಲಿರುಬಿನ್ (ಕಾಮಾಲೆಯ ಅಂಶ) ಏರಿದರೆ ನಿಲ್ಲಿಸಿ ಕಾರಣ ಹುಡುಕುವುದು. ಮೇದೋಜೀರಕ ಗ್ರಂಥಿಯ ಪರೀಕ್ಷೆಗಳಾದ ಅಮೈಲೇಸ್, ಲೈಪೇಸ್ ಅನ್ನು ಸುಮ್ಮಸುಮ್ಮನೆ ಮಾಡಿಸುವುದಿಲ್ಲ. ಆದರೆ ಮೊದಲ ಕೆಲವು ವಾರದಲ್ಲಿ ಮೇಲುಹೊಟ್ಟೆ ನೋವು, ಬೆನ್ನಿಗೆ ಹೊಡೆಯುವಂಥ ನೋವು, ವಾಂತಿ ಬಂದರೆ ಅದೇ ದಿನ ಮಾಡಿಸಬೇಕು. ಈ ಮಾತ್ರೆ ಕೆಲವರಲ್ಲಿ ಮೇದೋಜೀರಕ ಗ್ರಂಥಿಯ ಊತ ತರುತ್ತದೆ. ಹಾಗೆ ಬಂದವರಿಗೆ ಮತ್ತೆ ಕೊಡುವಂತಿಲ್ಲ.

ಲ್ಯಾಬಿನವರ ಜೊತೆ ಸ್ನೇಹ ಇಲ್ಲದೆ ಈ ಕೆಲಸ ನಡೆಯುವುದಿಲ್ಲ. ಆದಷ್ಟು ಒಂದೇ ಲ್ಯಾಬಿನಲ್ಲಿ ಮಾಡಿಸಿ ಅನ್ನುತ್ತೇನೆ. ದುಡ್ಡಿಗೆ ಕಷ್ಟ ಇರುವವರನ್ನು ಇಲ್ಲಿನ ಸರ್ಕಾರಿ ಆಸ್ಪತ್ರೆಯಾದ ಮಿಮ್ಸ್‌ಗೆ ಕಳಿಸುತ್ತೇನೆ, ಅವರು ಪ್ರತಿ ಸಲ ಅಲ್ಲೇ ಮಾಡಿಸಲಿ. ಸಿಬಿಸಿಯ ರಕ್ತ ಹೋಗುವುದು ನೇರಳೆ ಮುಚ್ಚಳದ ಟ್ಯೂಬಿಗೆ. ಅದರಲ್ಲಿ ರಕ್ತ ಹೆಪ್ಪುಗಟ್ಟದಂತೆ ಇಡಿಟಿಎ ಇರುತ್ತದೆ. ರಕ್ತ ಹಾಕಿದ ಕೂಡಲೇ ಟ್ಯೂಬನ್ನು ಮೆಲ್ಲಗೆ ಮೇಲೆ ಕೆಳಗೆ ತಿರುಗಿಸಬೇಕು, ಕುಲುಕಬಾರದು. ಒಮ್ಮೆ ಚೆನ್ನಾಗಿದ್ದ ಒಬ್ಬರ ಪ್ಲೇಟ್‌ಲೆಟ್ 48,000 ಅಂತ ಬಂತು. ಉಳಿದ ಅಂಕಿಗಳು ಕದಲಿಲ್ಲ, ಮೈಮೇಲೆ ಒಂದು ಕಲೆಯೂ ಇಲ್ಲ. ಟೆಕ್ನಿಷಿಯನ್‌ಗೆ ಸ್ಲೈಡ್ ಹಾಕಿ ನೋಡಪ್ಪಾ ಅಂದೆ. ಪ್ಲೇಟ್‌ಲೆಟ್‌ಗಳು ಗುಂಪು ಗುಂಪಾಗಿ ಅಂಟಿಕೊಂಡಿದ್ದವು. ಕೆಲವರ ರಕ್ತಕ್ಕೆ ಇಡಿಟಿಎ ಸೇರಿದರೆ ಹಾಗಾಗುತ್ತದೆ, ಮಶೀನು ಗುಂಪನ್ನು ಎಣಿಸುವುದಿಲ್ಲ. ತಿಳಿನೀಲಿ ಮುಚ್ಚಳದ ಸಿಟ್ರೇಟ್ ಟ್ಯೂಬಿನಲ್ಲಿ ತೆಗೆದಾಗ ಎರಡು ಲಕ್ಷದ ಮೇಲಿತ್ತು. ಇಂಥವರ ಹಾಳೆಯ ಮೇಲೆ ಸಿಟ್ರೇಟ್ ಅಂತ ಬರೆದುಬಿಡುತ್ತೇವೆ.

ಬೇಸಿಗೆಯಲ್ಲಿ ಹಳ್ಳಿಯಿಂದ ಬೈಕಿನಲ್ಲಿ ಸ್ಯಾಂಪಲ್ ತರುವಾಗ ತಡವಾದರೆ ಕೆಂಪು ಕಣಗಳು ಊದಿ ಎಂಸಿವಿ ಸುಳ್ಳೇ ಏರಿ ಕಾಣುತ್ತದೆ. ತೆಗೆದ ಸಮಯವನ್ನು ಟ್ಯೂಬಿನ ಮೇಲೆ ಬರೆಯಲು ಹೇಳಿದ್ದೇನೆ. ಇನ್ನೊಂದು ಮಾತು: ಸಿಬಿಸಿ, ಲಿವರ್, ಸಿಆರ್‌ಪಿಗೆ ಖಾಲಿ ಹೊಟ್ಟೆ ಬೇಕಿಲ್ಲ. ಮೊದಲೇ ಸೊರಗಿದವರನ್ನು ಹನ್ನೊಂದು ಗಂಟೆವರೆಗೆ ಉಪವಾಸ ಕೂರಿಸಬೇಡಿ. ತಿಂಡಿ ತಿಂದು ಬರಲಿ.

ಸಿಆರ್‌ಪಿ ಔಷಧಿಯ ಅಪಾಯ ಹೇಳುವ ಪರೀಕ್ಷೆಯಲ್ಲ, ಉರಿಯೂತ ಎಷ್ಟಿದೆ ಅಂತ ಹೇಳುವಂಥದ್ದು. ಚಿಕಿತ್ಸೆ ಹಿಡಿದರೆ ಬೇಗ ಇಳಿಯುತ್ತದೆ. ಇಲ್ಲಿ ಜನ ಮೋಸಹೋಗುವುದು ಅಳತೆಯ ಮಾನದಲ್ಲಿ. ಒಂದು ಲ್ಯಾಬ್ ಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ 8 ಅಂತ ಕೊಡುತ್ತದೆ, ಇನ್ನೊಂದು ಡೆಸಿಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ 0.8 ಅಂತ. ಎರಡೂ ಒಂದೇ. 0.8 ಇದ್ದದ್ದು 8 ಆಯಿತು ಅಂತ ಅಳುತ್ತಾ ಬಂದವರನ್ನು ಸಮಾಧಾನ ಮಾಡಿದ್ದೇನೆ. ಅಲ್ಸರೇಟಿವ್ ಕೊಲೈಟಿಸ್ ಇರುವ ಎಷ್ಟೋ ಜನರಲ್ಲಿ ಕಾಯಿಲೆ ಕೆರಳಿದ್ದರೂ ಸಿಆರ್‌ಪಿ ಏರುವುದೇ ಇಲ್ಲ. ಹಾಗಾಗಿ ಮಲದಲ್ಲಿ ರಕ್ತ ಇದೆ ಅಂತ ರೋಗಿ ಹೇಳಿದರೆ ಸಿಆರ್‌ಪಿ ನಾರ್ಮಲ್ ಇದೆ ಅಂತ ಅವರ ಮಾತು ತಳ್ಳಿಹಾಕಬಾರದು. ಮಲದ ಕ್ಯಾಲ್‌ಪ್ರೊಟೆಕ್ಟಿನ್ ಪರೀಕ್ಷೆ ಅಲ್ಲಿ ಹೆಚ್ಚು ನಂಬಿಕೆಗೆ ಅರ್ಹ.

ಐಬಿಡಿಗೆ ಕೊಡುವ ಬೇರೆ ಔಷಧಿಗಳದ್ದು ಬೇಗ ಹೇಳಿ ಮುಗಿಸುತ್ತೇನೆ. ಮೆಸಲಮೈನ್ ಬಹಳ ಸೌಮ್ಯ, ಆದರೂ ಅಪರೂಪಕ್ಕೆ ಕಿಡ್ನಿಗೆ ತೊಂದರೆ ಕೊಡುತ್ತದೆ. ಶುರುವಿನಲ್ಲಿ, ಎರಡು ಮೂರು ತಿಂಗಳಿಗೆ, ಆಮೇಲೆ ವರ್ಷಕ್ಕೊಮ್ಮೆ ಕ್ರಿಯಾಟಿನಿನ್. ಮೆಥೊಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ. ದಿನಾ ನುಂಗಿದರೆ ಪ್ರಾಣಕ್ಕೇ ಅಪಾಯ, ಹಾಗಾಗಿ ವಾರದ ಹೆಸರನ್ನು ಕನ್ನಡದಲ್ಲಿ ದೊಡ್ಡದಾಗಿ ಬರೆದುಕೊಡುತ್ತೇನೆ. ಟೊಫಾಸಿಟಿನಿಬ್‌ನಲ್ಲಿ ಸಿಬಿಸಿ, ಲಿವರ್ ಜೊತೆ ಕೊಲೆಸ್ಟ್ರಾಲ್ ಕೂಡ ನೋಡಬೇಕು. ಇನ್‌ಫ್ಲಿಕ್ಸಿಮ್ಯಾಬ್‌ನಂಥ ಇಂಜೆಕ್ಷನ್‌ಗೆ ಮುಂಚೆ ಟಿಬಿ ಪರೀಕ್ಷೆ ಬಿಡುವಂತೆಯೇ ಇಲ್ಲ. ರಕ್ತದಲ್ಲಿ ಆ ಔಷಧಿ ಎಷ್ಟಿದೆ ಅಂತ ಅಳೆಯಬೇಕಾದರೆ ಮುಂದಿನ ಡೋಸ್ ಕೊಡುವ ಸ್ವಲ್ಪ ಮುಂಚೆಯೇ ರಕ್ತ ತೆಗೆಯಬೇಕು, ಕೊಟ್ಟ ಮೇಲೆ ತೆಗೆದರೆ ಆ ದುಡ್ಡು ನೀರಿಗೆ ಹಾಕಿದ ಹಾಗೆ.

"ಚೆನ್ನಾಗವ್ನಲ್ಲ ಡಾಕ್ಟ್ರೇ, ಮತ್ಯಾಕೆ ರಕ್ತ?" ಅನ್ನುವುದು ನಾನು ದಿನಾ ಕೇಳುವ ಪ್ರಶ್ನೆ. ಚೆನ್ನಾಗಿರೋದಕ್ಕೇ ಕಣಣ್ಣ ಅನ್ನುತ್ತೇನೆ. ಕಾಯಿಲೆ ಹೇಗಿದೆ ಅಂತ ನಿಮ್ಮ ಹೊಟ್ಟೆ ಹೇಳುತ್ತದೆ, ಮಜ್ಜೆ ಹೇಗಿದೆ ಅಂತ ಹೇಳುವುದಿಲ್ಲ. ಜ್ವರದ ವಿಷಯದಲ್ಲಿ ಮಾತ್ರ ನಾನು ಬಿಗಿ. 100.4 ಡಿಗ್ರಿ ದಾಟಿದರೆ, ಚಳಿ ನಡುಕ ಬಂದರೆ, ಗಂಟಲು ನೋವಿನ ಜೊತೆ ಬಾಯಿ ಹುಣ್ಣಾದರೆ, ರಾತ್ರಿಯಾದರೂ ಸರಿ, ಡೋಲೋ ನುಂಗಿ ಮಲಗಬೇಡಿ. ಆ ಹೊತ್ತಿನ ಅಜಾಥಯೋಪ್ರಿನ್ ಬಿಡಿ, ಹಾಳೆ ಹಿಡಿದು ಆಸ್ಪತ್ರೆಗೆ ಹೋಗಿ, ಅಲ್ಲೇ ಸಿಬಿಸಿ ಮಾಡಿಸಿ.

ಮದುವೆಯಾಗಿ ಬೇರೆ ಊರಿಗೆ ಹೋಗುವ ಹೆಣ್ಣುಮಕ್ಕಳ ಹಾಳೆ ಅವರ ಜೊತೆಗೇ ಹೋಗುತ್ತದೆ. ಗರ್ಭಿಣಿಯಾದ ಕೂಡಲೇ ಹೆದರಿ ಅಜಾಥಯೋಪ್ರಿನ್ ಬಿಟ್ಟು, ಕಾಯಿಲೆ ಕೆರಳಿಸಿಕೊಂಡು ಬಂದವರನ್ನು ನೋಡಿದ್ದೇನೆ. ತಾನಾಗಿಯೇ ಬಿಡಬಾರದು. ಕಾಯಿಲೆ ಹಿಡಿತದಲ್ಲಿರುವುದು ತಾಯಿಗೂ ಮಗುವಿಗೂ ಒಳ್ಳೆಯದು ಅಂತ ಬಹಳಷ್ಟು ಜನರಲ್ಲಿ ಇದನ್ನು ಮುಂದುವರಿಸುತ್ತಾರೆ. ಮೆಥೊಟ್ರೆಕ್ಸೇಟ್ ಮಾತ್ರ ಗರ್ಭ ನಿಲ್ಲುವ ಮೊದಲೇ ತಿಂಗಳುಗಟ್ಟಲೆ ಮುಂಚೆ ನಿಲ್ಲಿಸಿರಬೇಕು. ಹೆರಿಗೆ ಡಾಕ್ಟರುಗಳಿಗೆ ನನ್ನ ಒಂದು ವಿನಂತಿ. ಬಸುರಿಯಲ್ಲಿ ಬಿಳಿ ಕೌಂಟ್ ಏರುತ್ತದೆ, ಹಿಮೋಗ್ಲೋಬಿನ್ ಮತ್ತು ಆಲ್ಬುಮಿನ್ ಇಳಿಯುತ್ತವೆ, ಇಎಸ್‌ಆರ್ ಏರುತ್ತದೆ, ಆಲ್ಕಲೈನ್ ಫಾಸ್ಫಟೇಸ್ ಮಾಸಿನಿಂದಲೂ ಬರುವುದರಿಂದ ಏರುತ್ತದೆ. ಹಾಗಾಗಿ ಆ ಒಂಬತ್ತು ತಿಂಗಳ ಅಂಕಿಗಳನ್ನು ಹಳೆಯ ಸಾಲಿಗೆ ಹೋಲಿಸಬೇಡಿ. ಹಾಳೆಯಲ್ಲಿ ಅಡ್ಡಗೆರೆ ಎಳೆದು ಹೊಸದಾಗಿ ಬರೆಯಿರಿ, ಹೆರಿಗೆಯಾಗಿ ಎರಡು ಮೂರು ತಿಂಗಳಿಗೆ ಮಾಡಿಸಿದ ರಿಪೋರ್ಟನ್ನು ಹಳೆಯ ಸಾಲಿನ ಮುಂದುವರಿಕೆಯಾಗಿ ತೆಗೆದುಕೊಳ್ಳಿ.